ಕಸದ ಲೆಕ್ಕದಲ್ಲಿ ಬಿಟ್ಟುಹೋದ ಇನ್ನೂರು ಗ್ರಾಂ

ಗುಂಡ್ಲುಪೇಟೆಯ ನಮ್ಮ ಬೀದಿಗೆ ಬೆಳಿಗ್ಗೆ ಏಳೂಕಾಲಕ್ಕೆ ಕಸದ ಗಾಡಿ ಬರುತ್ತದೆ. ಮೊದಲು ದೂರದಲ್ಲಿ ಹಾಡು, ಆಮೇಲೆ ಬಾಗಿಲ ಮುಂದೆ ವಿಶಲ್ಲು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಕಡೆ ಮಗಳ ಜಡೆ, ಒಂದು ಕಡೆ ಕುಕ್ಕರ್, ಇನ್ನೊಂದು ಕಡೆ ನನ್ನ ಲ್ಯಾಪ್‌ಟಾಪಿನಲ್ಲಿ ಆಗಲೇ ಬಂದು ಕೂತಿರುವ ಹತ್ತು ಮೆಸೇಜು. "ಕಸಾ..." ಅಂತ ಕೂಗು ಕೇಳಿದ ಕೂಡಲೇ ಬಕೆಟ್ ಎತ್ತಿಕೊಂಡು ಓಡಿ, ಗಾಡಿಗೆ ಸುರಿದು, ತಳಕ್ಕೆ ಎರಡು ಸಲ ಬಡಿದು ಒಳಗೆ ಬಂದರೆ ಅಲ್ಲಿಗೆ ಕಸದ ಕಥೆ ಮುಗೀತು. ಆಮೇಲೆ ಅದು ಎಲ್ಲಿಗೆ ಹೋಗುತ್ತೆ, ಏನಾಗುತ್ತೆ ಅಂತ ನಾನು ಕೇಳಿಕೊಂಡವಳೇ ಅಲ್ಲ.

ಹಾಗಂತ ನಾನೇನೂ ತಿಳಿಯದವಳಲ್ಲ. ನಾನು ಇಂಜಿನಿಯರಿಂಗ್ ಓದುತ್ತಿದ್ದಾಗ ಬೆಂಗಳೂರಿನ ಕಸದ ಗಲಾಟೆ ದಿನಾ ಪೇಪರಿನಲ್ಲಿ ಬರುತ್ತಿತ್ತು. ನಗರದ ಕಸ ನಮ್ಮೂರಿಗೆ ಬೇಡ ಅಂತ ಮಂಡೂರಿನ ಜನ ಹಟ ಹಿಡಿದು, 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಮರುವರ್ಷ ಡಿಸೆಂಬರಿನಲ್ಲಿ ಹೈಕೋರ್ಟು 'ಎರಡು ಬುಟ್ಟಿ, ಒಂದು ಚೀಲ' ಅಂತ ಆದೇಶ ಕೊಟ್ಟಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಬ್ಯಾಂಡೇಜಿನಂಥದ್ದು, ಚೀಲಕ್ಕೆ ಒಣ ಕಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಮೂರನ್ನೂ ಬೇರೆ ಇಟ್ಟವಳೇ. ಇಡದಿದ್ದರೆ ಓನರ್ ಆಂಟಿ ಬಾಗಿಲಿಗೆ ಬಂದು ಬೈಯುತ್ತಿದ್ದರು. ಮದುವೆಯಾಗಿ, ಕೋವಿಡ್ ಬಂದು, ಮನೆಯಿಂದಲೇ ಕೆಲಸ ಅಂತಾಗಿ ಗುಂಡ್ಲುಪೇಟೆಯ ಅತ್ತೆಮನೆಗೆ ಬಂದು ನೆಲೆಸಿದ ಮೇಲೆ ಆ ಅಭ್ಯಾಸವೆಲ್ಲ ಎಲ್ಲೋ ಹೋಯಿತು. ಇಲ್ಲೂ ಗಾಡಿಯಲ್ಲಿ ಹಸಿ-ಒಣ ಅಂತ ಎರಡು ಭಾಗ ಇದ್ದೇ ಇದೆ. ಒಂದೇ ಬಕೆಟ್ಟಿನಲ್ಲಿ ಎಲ್ಲ ಕಲಸಿ ತಂದು ಸುರಿಯುವವರು ನಾವು. ನಾನು ಬೆಂಗಳೂರಲ್ಲಿ ಮಾಡಿದ್ದು ಬೈಗುಳದ ಭಯಕ್ಕೆ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ಲೆಕ್ಕ ಶುರುವಾಗಿದ್ದು ನಮ್ಮಮ್ಮನ ಒಂದು ಮಾತಿನಿಂದ. ನನ್ನ ತವರು ಚಾಮರಾಜನಗರ. ತೆರಕಣಾಂಬಿ ದಾಟಿ ಹೋದರೆ ಒಂದು ಗಂಟೆಯ ದಾರಿ. 2023ರ ಮೇ ತಿಂಗಳಲ್ಲಿ ಅಮ್ಮ ಮೊಮ್ಮಗಳನ್ನು ನೋಡೋಕೆ ಬಂದಿದ್ದರು. ಬೆಳಿಗ್ಗೆ ನಾನು ತುಂಬಿದ ಬಕೆಟ್ಟಿನ ಜೊತೆ ಇನ್ನೊಂದು ಕವರನ್ನೂ ಎತ್ತಿಕೊಂಡು ಓಡುವುದನ್ನು ನೋಡಿ, "ಏನವ್ವ ಇದು, ಐದು ಜನದ ಮನೆಗೆ ಇಷ್ಟೊಂದು ಕಸವಾ? ನಮ್ಮನೇಲಿ ವಾರಕ್ಕೂ ಇಷ್ಟಾಗಲ್ಲ ಕನ" ಅಂದರು. ಅತ್ತೆಯ ಎದುರಿಗೇ ಅಂದಿದ್ದರಿಂದ ನನಗೆ ಸ್ವಲ್ಪ ಉರಿಯಿತು. "ಸುಮ್ಮನೆ ಅಂದಾಜಲ್ಲಿ ಹೇಳಬೇಡಮ್ಮ, ತೂಗಿ ನೋಡೋಣ" ಅಂದುಬಿಟ್ಟೆ. ಸಾಫ್ಟ್‌ವೇರಿನವರ ಚಟ ಅದು. ಯಾರಾದರೂ ಏನಾದರೂ ಅಂದರೆ ನಂಬರ್ ಕೇಳುತ್ತೇವೆ.

ವಿಮಾನದಲ್ಲಿ ಹೋಗುವಾಗ ಲಗೇಜು ತೂಗೋಕೆ ಅಂತ ಯಾವಾಗಲೋ ತಂದಿದ್ದ ಕೊಕ್ಕೆಯ ಪುಟ್ಟ ತಕ್ಕಡಿ ಮನೆಯಲ್ಲಿತ್ತು. ಹಿತ್ತಲಿನ ಬಾಗಿಲ ಬಳಿ ಆರು ಕವರು ತಗುಲಿಸಿ, ಪ್ರತಿಯೊಂದಕ್ಕೂ ಹೆಸರು ಬರೆದು ಅಂಟಿಸಿದೆ. ಹಸಿ ಕಸ. ಗುಡಿಸಿದ ಕಸ. ಗುಜರಿಗೆ ಹೋಗುವಂಥದ್ದು. ಗುಜರಿಗೆ ಹೋಗದಂಥದ್ದು. ಪ್ಯಾಡು. ಕೊನೆಯದು 'ಇತರೆ'. ದಿನಾ ಸಂಜೆ ತೂಗಿ ಮೊಬೈಲಿನಲ್ಲಿ ಬರೆದುಕೊಳ್ಳುವುದು, ನಾಲ್ಕು ವಾರ. ದೀಪ ಹಚ್ಚಿದ ಮೇಲೆ ಕಸ ಮುಟ್ಟಬಾರದು ಅಂತ ಅತ್ತೆ ಷರತ್ತು ಹಾಕಿದ್ದರಿಂದ ಆರು ಗಂಟೆಯೊಳಗೆ ಕೆಲಸ ಮುಗಿಯಬೇಕಿತ್ತು. ಆಫೀಸಿನ ಕಾಲ್‌ನಲ್ಲಿ "ಐದು ನಿಮಿಷ ಬಂದೆ" ಅಂತ ಹೇಳಿ ಕಸ ತೂಗೋಕೆ ಎದ್ದುಹೋದವಳು ನಾನೊಬ್ಬಳೇ ಇರಬೇಕು. ನಿವೃತ್ತ ಮೇಷ್ಟ್ರಾದ ಮಾವ, "ಏನಮ್ಮಾ, ಕೆಜಿ ಲೆಕ್ಕದಲ್ಲಿ ಮಾರೋಕೆ ಹೊರಟೆಯಾ?" ಅಂತ ನಗುತ್ತಿದ್ದರು. ನಮ್ಮವರು ಮಾತ್ರ ಹಿತ್ತಲ ಕಡೆ ತಲೆಯೇ ಹಾಕಲಿಲ್ಲ.

ನಾಲ್ಕು ವಾರಕ್ಕೆ ಒಟ್ಟು 48 ಕೆಜಿ ಆಯಿತು. ಅಂದರೆ ದಿನಕ್ಕೆ ಒಂದು ಕೆಜಿ 700 ಗ್ರಾಂ, ತಲೆಗೆ ಮುನ್ನೂರ ನಲವತ್ತು ಗ್ರಾಂನಷ್ಟು. ಅದರಲ್ಲಿ 30 ಕೆಜಿ ಹಸಿ ಕಸ. ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಕಾಯಿಚಿಪ್ಪು, ಟೀಪುಡಿ, ದೇವರ ಹೂವು, ತಟ್ಟೆಯಲ್ಲಿ ಬಿಟ್ಟ ಅನ್ನ. ನಾನು ಪ್ಲಾಸ್ಟಿಕ್ಕೇ ಜಾಸ್ತಿ ಇರುತ್ತೆ ಅಂದುಕೊಂಡಿದ್ದೆ. ಕಣ್ಣಿಗೆ ಹಾಗೇ ಕಾಣುತ್ತೆ. ಪ್ಲಾಸ್ಟಿಕ್ ಕವರು ಜಾಗ ಹಿಡಿಯುತ್ತೆ, ತೂಕಕ್ಕೆ ಬರಲ್ಲ. ಮೂರು ದಿನದ ಹಾಲಿನ ಕವರು ಸೇರಿಸಿದರೂ ಒಂದು ಈರುಳ್ಳಿಯಷ್ಟು ಭಾರ ಇರಲಿಲ್ಲ. ಐದೂವರೆ ಕೆಜಿ ಬರೀ ಮನೆ, ಅಂಗಳ ಗುಡಿಸಿದ ಮಣ್ಣು, ಧೂಳು, ಒಣಗಿದೆಲೆ. ಪೇಪರು, ರಟ್ಟು, ಬಾಟಲಿ, ಡಬ್ಬ, ಹಾಲಿನ ಕವರು ಎಲ್ಲ ಸೇರಿ ಗುಜರಿಗೆ ಹೋಗುವಂಥದ್ದು ಆರೂವರೆ ಕೆಜಿ. ಗುಜರಿಗೆ ಹೋಗದ ಕವರು, ಪ್ಯಾಕೆಟ್ಟು, ಥರ್ಮಾಕೋಲು, ಹರಿದ ಚಪ್ಪಲಿ, ಚಿಂದಿ ಬಟ್ಟೆ ಐದು ಕೆಜಿ. ಪ್ಯಾಡು 800 ಗ್ರಾಂ. 'ಇತರೆ' 200 ಗ್ರಾಂ.

ಅಂದರೆ ಹಸಿ ಕಸವನ್ನು ಗೊಬ್ಬರ ಮಾಡಿ, ಗುಜರಿಯದನ್ನು ಗುಜರಿಗೆ ಕೊಟ್ಟರೆ ನೂರರಲ್ಲಿ ಎಪ್ಪತ್ತಾರು ಪಾಲು ಮತ್ತೆ ಉಪಯೋಗಕ್ಕೆ ಬರುತ್ತೆ. ಆದರೆ ಅಲ್ಲಿಯವರೆಗೆ ನಮ್ಮ ಮನೆಯಿಂದ ನಿಜವಾಗಿ ಗುಜರಿಗೆ ಹೋಗುತ್ತಿದ್ದದ್ದು ಹಳೇ ಪೇಪರು ಒಂದೇ. ಉಳಿದದ್ದೆಲ್ಲ ಹಸಿ ಕಸದ ಜೊತೆ ಒಂದೇ ಬಕೆಟ್ಟಿಗೆ. ಕಸ ಬೇರೆ ಮಾಡಿ ಅಂತ ಯಾಕೆ ಅಷ್ಟು ಹೇಳುತ್ತಾರೆ ಅಂತ ಆಗ ಅರ್ಥವಾಯಿತು. ಒಣಗಿದ ರಟ್ಟಿಗೆ ಬೆಲೆ ಇದೆ. ಅದರ ಮೇಲೆ ಒಂದು ಸೌಟು ಸಾರು ಬಿದ್ದರೆ ಯಾರೂ ಮುಟ್ಟಲ್ಲ. ಸಿಪ್ಪೆಯ ಜೊತೆ ಗಾಜಿನ ಚೂರು, ಶಾಂಪೂ ಪ್ಯಾಕೆಟ್ಟು ಸೇರಿಕೊಂಡರೆ ಆ ಗೊಬ್ಬರವನ್ನು ರೈತ ಹೊಲಕ್ಕೆ ಹಾಕಲ್ಲ. ಬೇರೆಬೇರೆ ಇದ್ದಾಗ ಎರಡೂ ಮಾಲು, ಕಲಸಿದ ಮೇಲೆ ಎರಡೂ ಕಸ. ಕಲಸೋಕೆ ಒಂದು ಕ್ಷಣ ಸಾಕು, ಬಿಡಿಸೋಕೆ ಯಾರದೋ ಕೈ ಬೇಕು.

ಲೆಕ್ಕದಲ್ಲಿ ಒಂದು ವಿಚಿತ್ರವೂ ಸಿಕ್ಕಿತು. ಗುಜರಿಗೆ ಹೋಗದ ಕವರಿನಲ್ಲಿ ದಿನಾ ಒಂದು ಪೇಪರ್ ಕಪ್ಪು. ಭಾನುವಾರ ಮಾತ್ರ ಇಲ್ಲ. ನಾಲ್ಕು ವಾರಕ್ಕೆ ಇಪ್ಪತ್ತನಾಲ್ಕು. ನಮ್ಮ ಮನೆಯಲ್ಲಿ ಎಲ್ಲರೂ ಸ್ಟೀಲ್ ಲೋಟದಲ್ಲೇ ಕಾಫಿ ಕುಡಿಯೋದು. ಅತ್ತೆಯನ್ನು ಕೇಳಿದೆ. "ಕಸದವಳಿಗೆ ಕೊಡ್ತೀನಲ್ಲ, ಅದು" ಅಂದರು. ಭಾನುವಾರ ಗಾಡಿ ಬರಲ್ಲ. ಅತ್ತೆ ಜಿಪುಣಿಯಲ್ಲ. ದಿನಾ ಬೆಳಿಗ್ಗೆ ಕೆಲಸದವರಿಗೆ ಬಿಸಿ ಕಾಫಿ ಕೊಡೋ ಮನೆ ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ. "ಅವಳಿಗೂ ಸಲೀಸು, ನಮಗೂ ಸಲೀಸು" ಅಂತ ಹೇಳಿ ಅತ್ತೆ ಒಳಗೆ ಹೋದರು. ನಾನು ಮುಂದೆ ಕೇಳಲಿಲ್ಲ. ಪೇಪರ್ ಕಪ್ಪಿನ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಲೇಪ ಇರುತ್ತೆ, ಅದಕ್ಕೇ ಕಾಫಿ ಸೋರಲ್ಲ, ಅದಕ್ಕೇ ಅದನ್ನು ಗುಜರಿಯವರೂ ತಗೊಳ್ಳಲ್ಲ, ಮಣ್ಣಲ್ಲೂ ಸರಿಯಾಗಿ ಕರಗಲ್ಲ ಅಂತ ಮಾತ್ರ ಬರೆದುಕೊಂಡೆ. ಉಳಿದದ್ದು ಬರೆಯುವ ಧೈರ್ಯ ಇರಲಿಲ್ಲ.

ಗುಜರಿಗೆ ಏನು ಹೋಗುತ್ತೆ, ಏನು ಹೋಗಲ್ಲ ಅನ್ನೋದನ್ನು ಕಲಿಸಿದ್ದು ಪೇಟೆಯ ಗುಜರಿ ಅಂಗಡಿಯ ಅಣ್ಣ. ನಾನು ಪ್ಲಾಸ್ಟಿಕ್ ಸಾಮಾನಿನ ತಳದಲ್ಲಿರುವ ತ್ರಿಕೋನ, ಅದರೊಳಗಿನ ನಂಬರು ಎಲ್ಲ ಓದಿಕೊಂಡು ಹೋಗಿದ್ದೆ. ನೀರಿನ ಬಾಟಲಿಗೆ 1, ಗಟ್ಟಿ ಕ್ಯಾನಿಗೆ 2, ಮೆತ್ತನೆ ಕವರಿಗೆ 4, ಊಟದ ಡಬ್ಬಿಗೆ 5. ಆ ತ್ರಿಕೋನ ನೋಡಿದರೆ 'ಇದು ಮರುಬಳಕೆ ಆಗುತ್ತೆ' ಅಂತ ಎಲ್ಲರೂ ತಿಳಿಯುತ್ತೇವೆ. ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳೋ ಗುರುತು ಅಷ್ಟೆ. ಅಂಗಡಿಯ ಅಣ್ಣ ನಂಬರ್ ನೋಡಲೇ ಇಲ್ಲ. ಚಿಪ್ಸ್ ಪ್ಯಾಕೆಟ್ ತಗೊಂಡು ಮುಷ್ಟಿಯಲ್ಲಿ ಹಿಂಡಿ ಬಿಟ್ಟರು. ಅದು ಮತ್ತೆ ಅರಳಿಕೊಂಡಿತು. "ಹಿಂಗೆ ಅರಳೋದು ಬ್ಯಾಡ ಕನಕ್ಕ. ಯಾರೂ ತಕ್ಕಳಲ್ಲ" ಅಂದರು. ಪ್ಲಾಸ್ಟಿಕ್ಕಿನ ಪದರದ ಜೊತೆ ಅಲ್ಯೂಮಿನಿಯಂ ಪದರ ಅಂಟಿಸಿರುತ್ತಾರೆ. ಬೇರೆ ಮಾಡುವ ಖರ್ಚು ಮಾಲಿನ ಬೆಲೆಗಿಂತ ಜಾಸ್ತಿ. ಹಾಲಿನ ಕವರು ತೊಳೆದು ಒಣಗಿಸಿ ಕೊಟ್ಟರೆ ತಗೊಳ್ಳುತ್ತೇವೆ, ಆದರೆ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಕಬೇಡಿ ಅಂದರು. ಆ ಚಿಕ್ಕ ತುಂಡು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತಂತೆ. ಆರೂವರೆ ಕೆಜಿಗೆ ಎಪ್ಪತ್ತೈದು ರೂಪಾಯಿ ಕೊಟ್ಟರು.

ಮನೆಗೆ ಬಂದು ದೊಡ್ಡ ಲೆಕ್ಕ ಹುಡುಕಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ವರದಿಯ ಪ್ರಕಾರ ದೇಶದ ಪಟ್ಟಣಗಳಲ್ಲಿ ದಿನಕ್ಕೆ ಸುಮಾರು 1.6 ಲಕ್ಷ ಟನ್ ಕಸ. ಅದರಲ್ಲಿ ಸಂಸ್ಕರಣೆ ಆಗುವುದು ಸುಮಾರು 80 ಸಾವಿರ ಟನ್, ಅರ್ಧ. ಸುಮಾರು 29 ಸಾವಿರ ಟನ್ ಭೂಭರ್ತಿಗೆ. ಉಳಿದ 50 ಸಾವಿರ ಟನ್ ಈ ಎರಡೂ ಲೆಕ್ಕದಲ್ಲಿಲ್ಲ. ಹಸಿ ಕಸ ಗಾಳಿಯಾಡದ ರಾಶಿಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಕಾಯಿಸುತ್ತದೆ. ಕಸದ ಗುಡ್ಡಗಳಿಗೆ ಬೆಂಕಿ ಬೀಳೋದಕ್ಕೂ ಆ ಅನಿಲವೇ ದೊಡ್ಡ ಕಾರಣ. ಪ್ಲಾಸ್ಟಿಕ್ಕಿನ ಲೆಕ್ಕ ಇನ್ನೂ ಬೇಸರದ್ದು. ರೋಲಂಡ್ ಗೇಯರ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆ ಆಗಿದ್ದು ಶೇ 9, ಸುಟ್ಟಿದ್ದು ಶೇ 12. ಉಳಿದ ಶೇ 79 ಇನ್ನೂ ಎಲ್ಲೋ ಬಿದ್ದಿದೆ.

ನಮ್ಮ ಐದು ಕೆಜಿಗೂ ಗತಿ ಅದೇ. 2016ರಲ್ಲಿ ಕರ್ನಾಟಕವೂ, 2022ರ ಜುಲೈ 1ರಿಂದ ಇಡೀ ದೇಶವೂ ಕೆಲವು ಪ್ಲಾಸ್ಟಿಕ್ ಸಾಮಾನು ನಿಷೇಧಿಸಿದವು. ದೇಶದ ಪಟ್ಟಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ ಇವೆ. ಬಿಸ್ಕತ್ತು, ಚಿಪ್ಸ್ ಪ್ಯಾಕೆಟ್ ಇಲ್ಲ. ಮಧುರೆಯ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅಂಥ ಪ್ಲಾಸ್ಟಿಕ್ಕನ್ನು ಟಾರಿನ ರಸ್ತೆಗೆ ಬಳಸುವ ವಿಧಾನ ತೋರಿಸಿಕೊಟ್ಟು 2018ರಲ್ಲಿ ಪದ್ಮಶ್ರೀ ಪಡೆದರು. ಸಿಮೆಂಟ್ ಕಾರ್ಖಾನೆಗಳು ಅದನ್ನು ಇಂಧನವಾಗಿ ಉರಿಸುತ್ತವೆ. ಇವೆಲ್ಲಕ್ಕೂ ಅದು ಒಣಗಿ, ಬೇರೆಯಾಗಿ ಅಲ್ಲಿಗೆ ತಲುಪಬೇಕು. ಅದಿಲ್ಲವಾದರೆ ನಮ್ಮೂರಿನವರಿಗೆ ಗೊತ್ತೇ ಇದೆ. ಬಂಡೀಪುರದ ಕಡೆ ಹೋಗುವ ರಸ್ತೆಯ ಪಕ್ಕ, ಚೆಂಡುಹೂವಿನ ಹೊಲದ ಬದುಗಳಲ್ಲಿ ಅದು ಹೊಳೆಯುತ್ತಾ ಬಿದ್ದಿರುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಸ್ವಲ್ಪ ಹೆಮ್ಮೆಯೇ ಬಂದಿತ್ತು. ಜೂನ್ ನಡುವಿನ ಒಂದು ಭಾನುವಾರ ರಾತ್ರಿ ಕೂತು ಬಣ್ಣಬಣ್ಣದ ದುಂಡನೆ ಚಾರ್ಟ್ ಮಾಡಿ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಶೇ 62.5 ಹಸಿ ಕಸ ಹಸಿರು ಬಣ್ಣದಲ್ಲಿ. 'ಇತರೆ' ಶೇ 0.4, ಬರೀ ಒಂದು ಗೆರೆಯಷ್ಟು. ಅದಕ್ಕೆ ಹೆಸರು ಬರೆಯೋಕೂ ಜಾಗ ಸಾಲಲಿಲ್ಲ. ಚಾರ್ಟ್ ಚೆನ್ನಾಗಿ ಕಾಣಲಿ ಅಂತ ಅದನ್ನು ತೆಗೆದೇಬಿಟ್ಟೆ. ಅಮ್ಮ ಕೈಮುಗಿಯುವ ಚಿತ್ರ ಕಳಿಸಿದರು.

ಆ 'ಇತರೆ'ಯಲ್ಲಿ ಇದ್ದದ್ದು ಎರಡು ಹಳೇ ಬ್ಯಾಟರಿ, ಮುಗಿದ ಮಾತ್ರೆಯ ಹಾಳೆಗಳು, ಒಂದಷ್ಟು ಬ್ಲೇಡು, ಮತ್ತು ಮಾವನ ಇನ್ಸುಲಿನ್ ಪೆನ್ನಿನ ಸೂಜಿಗಳು. ಮಾವ ದಿನಕ್ಕೆ ಎರಡು ಸಲ ಇನ್ಸುಲಿನ್ ತಗೊಳ್ಳುತ್ತಾರೆ. ಸೂಜಿ ಬಿಚ್ಚಿ ಹಾಗೇ ಕಸಕ್ಕೆ ಹಾಕುವುದು ಅಭ್ಯಾಸ. ನಾನು ದಿನಾ ಅದನ್ನು ತೂಗಿ, ಬರೆದುಕೊಂಡು, ಆ ಪುಟ್ಟ ಕವರನ್ನು ಗಂಟು ಹಾಕಿ, ಒಣ ಕಸದ ಚೀಲದೊಳಕ್ಕೆ ತುರುಕುತ್ತಿದ್ದೆ. ತೂಕ ಆಯಿತಲ್ಲ, ಇನ್ನೇನು?

ಮಾರನೇ ದಿನ ಸೋಮವಾರ ಗಾಡಿ ಬಂತು. ನಾನು ಎರಡೂ ಬೇರೆ ಮಾಡಿದ್ದನ್ನು ನೋಡಿ ಗಾಡಿಯ ಅಕ್ಕನಿಗೆ ಖುಷಿ. ಅವರು ಗಾಡಿಯ ಪಕ್ಕ ನಿಂತು, ಒಣ ಕಸದ ಚೀಲಕ್ಕೆ ಕೈ ಹಾಕಿ ಬಾಟಲಿ, ರಟ್ಟು ಒಂದು ಕಡೆ ಎತ್ತಿಡುತ್ತಾರೆ. ನಾನು ಗೇಟು ಹಾಕಿ ತಿರುಗಿದ್ದೆ. ಹಿಂದಿನಿಂದ "ಸ್ಸ್" ಅಂತ ಕೇಳಿತು. ನೋಡಿದರೆ ಗ್ಲೌಸ್ ತೆಗೆಯುತ್ತಿದ್ದಾರೆ. ಹೆಬ್ಬೆರಳ ಪಕ್ಕದ ಬೆರಳಿನ ತುದಿಯಲ್ಲಿ ಸಾಸಿವೆಯಷ್ಟು ರಕ್ತ. ಗ್ಲೌಸ್ ಹಾಕಿದ್ದರು, ಆದರೆ ಸೂಜಿಗೆ ಆ ರಬ್ಬರು ಯಾವ ಲೆಕ್ಕ?

"ಏನಿಲ್ಲ ಕನಕ್ಕ, ಏನೋ ಚುಚ್ತು. ದಿನಾ ಏನಾರ ಒಂದು ಚುಚ್ತಲೇ ಇರ್ತದ" ಅಂದು ಬೆರಳು ಬಾಯಿಗೆ ಹಾಕಿಕೊಳ್ಳೋಕೆ ಹೋದರು. ನಾನು ಕೈ ಹಿಡಿದು ತಡೆದೆ. ಚೀಲದಲ್ಲಿ ನನ್ನದೇ ಗಂಟಿನ ಕವರು. ಸೂಜಿಗಳು ಕವರನ್ನು ತೂತು ಮಾಡಿಕೊಂಡು ಆಚೆ ಬಂದಿದ್ದವು.

ಹಿತ್ತಲಿನ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆಸಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಅವರು ಹೇಳುತ್ತಿದ್ದದ್ದು ಒಂದೇ, "ಗಾಡಿ ನಿಂತೋಯ್ತದ ಕನಕ್ಕ, ಇನ್ನೂ ಮೂರು ಬೀದಿ ಅದ." ಡಾಕ್ಟರ್ ಮೊದಲು ಕೇಳಿದ್ದು ಸೂಜಿ ಯಾರದು ಅಂತ. "ನಮ್ಮ ಮಾವಂದು" ಅಂದೆ. "ಯಾರದು ಅಂತ ಗೊತ್ತಿದೆಯಲ್ಲ, ಅದೇ ಪುಣ್ಯ. ಕಸದಲ್ಲಿ ಚುಚ್ಚಿಸಿಕೊಂಡು ಬರೋರಿಗೆ ಸಾಮಾನ್ಯವಾಗಿ ಅದು ಗೊತ್ತೇ ಇರಲ್ಲ" ಅಂದರು. ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ಹರಡಬಹುದು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಶುರು ಮಾಡಬೇಕು ಅಂತ ಹೇಳಿದರು. ಮಾವನ ರಕ್ತ ಪರೀಕ್ಷೆ ಮಾಡಿದರೆ ಎಲ್ಲ ತಿಳಿಯುತ್ತೆ ಅಂದರು.

ಮಾವನಿಗೆ ಫೋನ್ ಮಾಡಿ ಇದನ್ನು ಹೇಳೋದು ನನ್ನ ಜೀವನದ ಕಷ್ಟದ ಮಾತುಗಳಲ್ಲಿ ಒಂದು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಪೇಟೆಯಲ್ಲಿ ಅರ್ಧ ಜನ ಅವರ ಶಿಷ್ಯರು. ಯಾವ ಪರೀಕ್ಷೆ ಅಂತ ಕೇಳಿದರು. ಹೇಳಿದೆ. ಎರಡು ಕ್ಷಣ ಸುಮ್ಮನಿದ್ದು, "ಬಂದೆ" ಅಂದರು. ಆಟೋದಲ್ಲಿ ಬಂದು, ಅಕ್ಕನ ಪಕ್ಕದ ಕುರ್ಚಿಯಲ್ಲೇ ಕೂತು ತೋಳು ಚಾಚಿದರು. ರಿಪೋರ್ಟ್ ಬರುವವರೆಗೆ ಮೂವರೂ ಅಲ್ಲೇ ಕೂತಿದ್ದೆವು. ಅಕ್ಕ ಒಂದು ಸಲ ಮೆಲ್ಲಗೆ, "ನಂಗೇನೂ ಆಗಲ್ವಾ ಅಕ್ಕ? ಮಗಳು ಎಸೆಲ್ಸಿ ಈಗ" ಅಂದರು. ನನ್ನ ಹತ್ತಿರ ಕೊಡೋಕೆ ಯಾವ ನಂಬರೂ ಇರಲಿಲ್ಲ. ಮಾವನೇ, "ನನಗೆ ಸಕ್ಕರೆ ಬಿಟ್ಟರೆ ಬೇರೇನೂ ಇಲ್ಲ ಕಣಮ್ಮ, ಹೆದರಬೇಡ" ಅಂದರು. ಅವರ ದನಿ ನಡುಗುತ್ತಿತ್ತು.

ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಡಾಕ್ಟರ್ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಕೊಟ್ಟು, ಇನ್ನೊಂದು ಒಂದು ತಿಂಗಳಿಗೆ, ಕೊನೆಯದು ಆರು ತಿಂಗಳಿಗೆ ಅಂದರು. ತಪ್ಪಿಸದೆ ಕರೆದುಕೊಂಡು ಬರುತ್ತೇನೆ ಅಂತ ನಾನು ಒಪ್ಪಿಕೊಂಡೆ. ವಾಪಸು ಬರುವಾಗ ಮಾವ ಆಟೋದಲ್ಲಿ ಒಂದೇ ಮಾತು ಆಡಿದರಂತೆ, ಆಮೇಲೆ ಅತ್ತೆ ಹೇಳಿದರು: "ಇಷ್ಟು ದಿನ ಎಷ್ಟು ಸೂಜಿ ಹಾಕಿದ್ದೀನೋ. ಎಷ್ಟು ಜನಕ್ಕೆ ಚುಚ್ಚಿತೋ."

ಅವತ್ತು ರಾತ್ರಿ 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳನ್ನು ಓದಿದೆ. ಮನೆಯವರು ಕಸವನ್ನು ಮೂರು ಭಾಗ ಮಾಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿತ್ತು: ಕೊಳೆಯುವಂಥದ್ದು, ಕೊಳೆಯದಂಥದ್ದು, ಮನೆಯ ಅಪಾಯಕಾರಿ ಕಸ. ಸೂಜಿ, ಬ್ಯಾಟರಿ, ಹಳೇ ಔಷಧಿ, ಒಡೆದ ಥರ್ಮಾಮೀಟರ್, ಪೇಂಟಿನ ಡಬ್ಬ, ಸೊಳ್ಳೆ ಔಷಧಿಯ ಡಬ್ಬ ಮೂರನೆಯದರಲ್ಲಿ ಬರುತ್ತಿದ್ದವು. ಪ್ಯಾಡನ್ನು ಸುತ್ತಿ ಕೊಡಬೇಕು ಅಂತಲೂ ಇತ್ತು. ತೂಕದಲ್ಲಿ ಕಡಿಮೆ ಇರೋದಕ್ಕೇ ನಿಯಮದಲ್ಲಿ ಪ್ರತ್ಯೇಕ ಜಾಗ ಕೊಟ್ಟಿದ್ದರು, ನಾನು ತೂಕ ಕಡಿಮೆ ಅಂತ ಚಾರ್ಟಿನಿಂದಲೇ ತೆಗೆದಿದ್ದೆ. ಬೆಂಗಳೂರಿನ ಆ ಕೆಂಪು ಬುಟ್ಟಿ ಯಾಕಿತ್ತು ಅಂತ ಎಂಟು ವರ್ಷದ ಮೇಲೆ ಅರ್ಥವಾಯಿತು.

ಜುಲೈ ಮೊದಲ ವಾರ ಆಷಾಢದ ಚಾಮರಾಜೇಶ್ವರನ ತೇರಿಗೆ ತವರಿಗೆ ಹೋದೆ. ತಕ್ಕಡಿಯನ್ನೂ ತಗೊಂಡು ಹೋಗಿದ್ದೆ. ಅಮ್ಮನ ಜಂಬ ಪರೀಕ್ಷೆ ಮಾಡಬೇಕಿತ್ತಲ್ಲ. ಒಂದು ವಾರ ತೂಗಿದೆ. ಅಪ್ಪ, ಅಮ್ಮ ಇಬ್ಬರ ಮನೆಯಿಂದ ಗಾಡಿಗೆ ಹೋಗಿದ್ದು ವಾರಕ್ಕೆ ಒಂದು ಕೆಜಿಗೂ ಕಡಿಮೆ. ಕಸ ಅವರಲ್ಲೂ ಆಗುತ್ತೆ. ಆದರೆ ಸಿಪ್ಪೆ, ಅಕ್ಕಿ ತೊಳೆದ ನೀರು, ಉಳಿದ ಅನ್ನ ಎಲ್ಲ ಕಲಗಚ್ಚಿನ ಬಕೆಟ್ಟಿಗೆ ಹೋಗಿ ಪಕ್ಕದ ಮನೆಯ ಹಸುವಿಗೆ ಸೇರುತ್ತೆ. ಗುಡಿಸಿದ ಎಲೆ, ಹೂವು ತೆಂಗಿನ ಬುಡದ ಗುಂಡಿಗೆ. ಅಪ್ಪನ ಗೋಣಿಚೀಲದಲ್ಲಿ ಪೇಪರು, ಬಾಟಲಿ, ತಗಡು, ಹಳೇ ಮೊಳೆ ಎಲ್ಲ ಗುಜರಿಯವನಿಗೆ ಕಾಯುತ್ತಿರುತ್ತೆ. ಅವರ ಭಾಷೆಯಲ್ಲಿ ಇದ್ಯಾವುದಕ್ಕೂ 'ಕಸ' ಅಂತ ಹೆಸರೇ ಇಲ್ಲ. ಪಟ್ಟಣದ ಕಸದ ಲೆಕ್ಕಗಳಲ್ಲೂ ಹೀಗೇ ಆಗುತ್ತೆ. ಸುರಿಯುವ ಜಾಗದಲ್ಲಿ ತೂಗಿದರೆ ಪೇಪರು, ಕಬ್ಬಿಣ, ಒಳ್ಳೇ ಪ್ಲಾಸ್ಟಿಕ್ ಕಡಿಮೆ ಕಾಣುತ್ತೆ. ಯಾಕೆಂದರೆ ಅದಕ್ಕೂ ಮೊದಲೇ ಚಿಂದಿ ಆಯುವವರು, ಗುಜರಿಯವರು, ಗಾಡಿಯ ಅಕ್ಕನಂಥವರು ಅದನ್ನು ಆರಿಸಿ ತೆಗೆದಿರುತ್ತಾರೆ. ನಮ್ಮ ದೇಶದ ಮರುಬಳಕೆಯ ದೊಡ್ಡ ಪಾಲು ಅವರ ಬರಿಗೈಯಲ್ಲೇ ನಡೆಯುತ್ತಿದೆ. ನನ್ನ ಸೂಜಿ ಚುಚ್ಚಿದ್ದು ಅಂಥ ಒಂದು ಕೈಗೆ.

ಹಾಗಂತ ಅಮ್ಮನ ಮನೆ ಎಲ್ಲದರಲ್ಲೂ ಮಾದರಿಯಲ್ಲ. ಹೋಗದ ಪ್ಲಾಸ್ಟಿಕ್ಕನ್ನು ಅಪ್ಪ ನೀರೊಲೆಗೆ ಹಾಕಿ ಸುಡುತ್ತಿದ್ದರು. ಕಡಿಮೆ ಉರಿಯಲ್ಲಿ ಪ್ಲಾಸ್ಟಿಕ್ ಸುಟ್ಟರೆ ಬರೋ ಹೊಗೆ ವಿಷ, ಹಾಗೆ ಸುಡೋದು ನಿಯಮಕ್ಕೂ ವಿರುದ್ಧ ಅಂತ ಜಗಳವಾಡಿ ಬಿಡಿಸಿದ್ದೇನೆ. ಈಗ ಅವರ ಒಂದು ಕೆಜಿ ಒಂದೂಕಾಲು ಆಗಿದೆಯಂತೆ. "ನಿನ್ನಿಂದ ನಮ್ಮನೆ ಕಸ ಜಾಸ್ತಿ ಆಯ್ತು ಕನ" ಅಂತ ಅಮ್ಮ ಬೈಯುತ್ತಾರೆ.

ಗುಂಡ್ಲುಪೇಟೆಯಲ್ಲಿ ನಮಗೆ ಪಕ್ಕದಲ್ಲಿ ಹಸು ಇಲ್ಲ. ಎರಡು ಹಳೇ ಪೇಂಟಿನ ಬಕೆಟ್ಟಿಗೆ ತೂತು ಕೊರೆದು ಗೊಬ್ಬರ ಮಾಡೋಕೆ ಶುರು ಮಾಡಿದೆ. ಮೊದಲ ಬಕೆಟ್ಟು ಹದಿನೈದು ದಿನಕ್ಕೇ ನಾರಿ, ಹುಳ ಹರಿದು, ಅತ್ತೆ ಮೂರು ದಿನ ಹಿತ್ತಲಿಗೇ ಬರಲಿಲ್ಲ. ತಪ್ಪು ನನ್ನದು, ಬರೀ ಹಸಿಯದ್ದನ್ನೇ ತುಂಬಿದ್ದೆ. ಒಂದು ಪದರ ಸಿಪ್ಪೆಗೆ ಮೇಲೊಂದು ಪದರ ಒಣಗಿದೆಲೆ, ಆಗಾಗ ಒಂದು ಹಿಡಿ ಸಗಣಿ ಪುಡಿ ಇಲ್ಲ ಹುಳಿ ಮಜ್ಜಿಗೆ, ವಾರಕ್ಕೊಮ್ಮೆ ಕೈಯಾಡಿಸೋದು. ಹೀಗೆ ಮಾಡಿದ ಮೇಲೆ ವಾಸನೆ ನಿಂತಿತು. ಎರಡು ತಿಂಗಳಿಗೆ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಕೈಗೆ ಬಂತು. ಒಂದು ತಿಂಗಳ ಮೂವತ್ತು ಕೆಜಿ ಕರಗಿ ಎಂಟು ಕೆಜಿ ಆಗಿತ್ತು. ಗುಡಿಸಿದ ಕಸದಲ್ಲಿ ಎಲೆಯೆಲ್ಲ ಅದಕ್ಕೇ ಬೇಕಾಗಿ, ಆ ಲೆಕ್ಕವೂ ಇಳಿಯಿತು. ಈಗ ನಮ್ಮ ಮನೆಯಿಂದ ಗಾಡಿಗೆ ಹೋಗೋದು ತಿಂಗಳಿಗೆ ಎಂಟೊಂಬತ್ತು ಕೆಜಿ. ಆ ಅರಳಿಕೊಳ್ಳುವ ಪ್ಯಾಕೆಟ್ಟುಗಳಿಗೆ ಮಾತ್ರ ನನ್ನ ಹತ್ತಿರ ಇನ್ನೂ ದಾರಿ ಇಲ್ಲ. ತೊಳೆದು, ಒಣಗಿಸಿ, ಬೇರೆ ಕೊಡುತ್ತೇನೆ. ಮಗಳಿಗೆ ಕುರುಕುಲು ತಿಂಡಿ ಕಡಿಮೆ ಮಾಡಿದ್ದೇನೆ. ಐದು ಕೆಜಿ ನಾಲ್ಕಕ್ಕೆ ಇಳಿದಿದೆ, ಅಷ್ಟೆ.

ಮಾವ ತಮ್ಮ ಸೂಜಿಗೆ ತಾವೇ ವ್ಯವಸ್ಥೆ ಮಾಡಿಕೊಂಡಿದ್ದಾರೆ. ದಪ್ಪನೆಯ ಪ್ಲಾಸ್ಟಿಕ್ ಡಬ್ಬದ ಮುಚ್ಚಳದಲ್ಲಿ ಒಂದು ಸೀಳು, ಹೊರಗೆ ಅವರ ಮುತ್ತಿನಂಥ ಅಕ್ಷರದಲ್ಲಿ 'ಸೂಜಿ ಇದೆ, ತೆರೆಯಬೇಡಿ'. ತುಂಬಿದ ಮೇಲೆ ಆಸ್ಪತ್ರೆಗೆ ಕೊಂಡೊಯ್ದು ಕೊಡುತ್ತಾರೆ, ಅಲ್ಲಿ ಸೂಜಿ ಹಾಕುವ ಬಿಳಿ ಡಬ್ಬದಲ್ಲಿ ಸೇರಿಸಿಕೊಳ್ಳುತ್ತಾರೆ. ಬೆಳಿಗ್ಗೆ ವಾಕಿಂಗ್ ಹೋಗುವ ಗೆಳೆಯರಲ್ಲಿ ಸಕ್ಕರೆ ಕಾಯಿಲೆಯವರು ಆರು ಜನ. ಅವರೆಲ್ಲರ ಮನೆಗೂ ಮಾವನೇ ಡಬ್ಬ ಮಾಡಿಕೊಟ್ಟಿದ್ದಾರೆ. ಒಡೆದ ಗಾಜು, ಬ್ಲೇಡು ಪೇಪರಿನಲ್ಲಿ ದಪ್ಪಗೆ ಸುತ್ತಿ ಮೇಲೆ ಬರೆದು ಕೈಗೇ ಕೊಡುತ್ತೇವೆ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೆಂಪು ಚುಕ್ಕೆ ಇಡುತ್ತೇನೆ. ಮೊದಮೊದಲು ಅತ್ತೆಗೆ ಮುಜುಗರ ಆಯಿತು. "ಗುರುತು ಹಾಕಿ ಊರಿಗೆಲ್ಲ ಹೇಳ್ಬೇಕಾ?" ಅಂದರು. ಗುರುತಿಲ್ಲದಿದ್ದರೆ ಬಿಚ್ಚಿ ನೋಡೋದು ಅವರು ತಾನೇ ಅಂದೆ. ಆಮೇಲೆ ಸುಮ್ಮನಾದರು.

ಎರಡನೇ ಡೋಸಿಗೆ ಜುಲೈನಲ್ಲಿ, ಮೂರನೇದಕ್ಕೆ ಡಿಸೆಂಬರಿನಲ್ಲಿ ಅಕ್ಕನನ್ನು ಕರೆದುಕೊಂಡು ಹೋದೆ. ಡಿಸೆಂಬರಿನಲ್ಲಿ ಅವರ ರಕ್ತವನ್ನೂ ಇನ್ನೊಂದು ಸಲ ಪರೀಕ್ಷೆ ಮಾಡಿಸಿದೆವು. ಏನೂ ಇರಲಿಲ್ಲ. ವಾಪಸು ಬರುವಾಗ ಚಳಿ. ಮನೆ ಮುಂದೆ ಸ್ಕೂಟರ್ ನಿಲ್ಲಿಸಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಏನಂತೆ?" ಅಂದರು. "ಏನಿಲ್ವಂತೆ ಕನ ಅಮ್ಮಾರೆ" ಅಂತ ಅಕ್ಕನೇ ಹೇಳಿದರು. ಅತ್ತೆ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ನಾವೆಲ್ಲ ಕುಡಿಯೋ ಸ್ಟೀಲ್ ಲೋಟದಲ್ಲಿ. ಅಕ್ಕ ಲೋಟ ನೋಡಿದರು, ನನ್ನನ್ನು ನೋಡಿದರು, ಕುಡಿದರು. ತೊಳೆದಿಡೋಕೆ ನಲ್ಲಿಯ ಕಡೆ ಹೊರಟಾಗ ಅತ್ತೆ, "ಅಲ್ಲೇ ಇಡವ್ವ, ಮಿಕ್ಕಿದ್ದರ ಜೊತೆ ತೊಳಿತೀನಿ" ಅಂದರು. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಏನೂ ಮಾತಾಡಲಿಲ್ಲ, ಇವತ್ತಿಗೂ ಆಡಿಲ್ಲ. ಪೇಪರ್ ಕಪ್ಪಿನ ಉಳಿದ ಕಟ್ಟು ಅಟ್ಟದ ಮೇಲಿದೆ.

ಹಳೇ ಚಾರ್ಟ್ ಇನ್ನೂ ವಾಟ್ಸ್ಯಾಪ್ ಗುಂಪಿನಲ್ಲಿದೆ, ಅಳಿಸಿಲ್ಲ. ಮೊನ್ನೆ ಹೊಸದೊಂದು ಮಾಡಿದೆ. ಈ ಸಲ 'ಇತರೆ' ಅಂತ ಬರೆಯಲಿಲ್ಲ. ಸೂಜಿ, ಬ್ಲೇಡು, ಗಾಜು, ಬ್ಯಾಟರಿ, ಔಷಧಿ ಅಂತ ಒಂದೊಂದನ್ನೂ ಹೆಸರು ಹಿಡಿದು ಬರೆದೆ. ನೀವೂ ಒಂದು ವಾರ ನಿಮ್ಮ ಮನೆಯ ಕಸ ತೂಗಿ ನೋಡಿ. ತಕ್ಕಡಿ ಇಲ್ಲದಿದ್ದರೂ ಪರವಾಗಿಲ್ಲ. ನಾಳೆ ಬೆಳಿಗ್ಗೆ ವಿಶಲ್ ಕೇಳೋ ಮೊದಲು, ನಿಮ್ಮ ಬಕೆಟ್ಟಿಗೆ ನೀವೇ ಒಂದು ಸಲ ಕೈ ಹಾಕೋಕೆ ಆಗುತ್ತಾ ನೋಡಿ.